ಪರಾನ್ನದ ಹಾದಿ

ದೇವರು ಎಲ್ಲ ಕಡೆ ಇದ್ದಾನೆಂದು ನಂಬಿದವರು ಅವನನ್ನು ನೋಡಲು ಊರು ಬಿಟ್ಟು ಹೊರಡುವುದೇಕೆ? ಇದನ್ನು ಕೇಳಿದವರೆಲ್ಲ ನಾಸ್ತಿಕರಲ್ಲ. ಹನ್ನೆರಡನೆಯ ಶತಮಾನದ ಶರಣರು ಇದನ್ನೇ ಕೇಳಿ, ದೇಹವನ್ನೇ ದೇಗುಲ ಮಾಡಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ನಿಂತರು. ಆದರೂ ಅವರ ವಚನಗಳನ್ನು ಮನೆಮನೆಯಲ್ಲಿ ಹೇಳಿಕೊಳ್ಳುವ ಸೀಮೆಯಲ್ಲೇ ಯಾತ್ರೆ ನಿಂತಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ರಸ್ತೆಗಳಲ್ಲಿ ವರ್ಷದ ಬಹುಪಾಲು ಯಾರಾದರೊಬ್ಬರು ದೇವರ ಹೆಸರು ಹೇಳಿ ಎಲ್ಲಿಗೋ ಹೊರಟೇ ಇರುತ್ತಾರೆ. ಆಷಾಢದಲ್ಲಿ ಪಂಢರಪುರಕ್ಕೆ, ಭಾರತ ಹುಣ್ಣಿಮೆಗೆ ಸವದತ್ತಿಗೆ ಇಲ್ಲವೆ ಚಿಂಚಲಿಯ ಮಾಯಕ್ಕನಿಗೆ, ಯುಗಾದಿಗೆ ಶ್ರೀಶೈಲಕ್ಕೆ, ಮನೆಯಲ್ಲಿ ಮದುವೆಯಾದರೆ ಗುಗ್ಗಳ ಹೊತ್ತು ಕೃಷ್ಣಾ ತೀರದ ಯಡೂರಿನ ವೀರಭದ್ರನಿಗೆ. ಈ ಓಡಾಟಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆಗಳು ಮೂರು: ಕ್ಷೇತ್ರಕ್ಕೆ ಮಹಿಮೆ ಇದೆ, ದಾರಿಯ ಕಷ್ಟ ಪಾಪ ಕಳೆಯುತ್ತದೆ, ದೇಶ ಸುತ್ತಿದರೆ ಬುದ್ಧಿ ಬೆಳೆಯುತ್ತದೆ. ಮೂರೂ ನಿಲ್ಲುವುದಿಲ್ಲ. ಮಹಿಮೆ ಕಲ್ಲಿನಲ್ಲಿದ್ದರೆ ಆ ಕಲ್ಲಿನ ಪಕ್ಕದಲ್ಲೇ ಮನೆ ಇರುವವನು ಎಲ್ಲರಿಗಿಂತ ದೊಡ್ಡ ಪುಣ್ಯವಂತನಾಗಬೇಕಿತ್ತು. ಕ್ಷೇತ್ರದ ಅಂಗಡಿಗಳಲ್ಲಿ ಒಮ್ಮೆ ವ್ಯಾಪಾರ ಮಾಡಿದವರು ಹಾಗೆ ಹೇಳಲಾರರು. ಕಷ್ಟವೇ ಪುಣ್ಯವಾಗಿದ್ದರೆ ಕಬ್ಬು ಕಡಿಯುವ ಕೂಲಿಯವಳು ಯಾವ ಯಾತ್ರಿಕನಿಗಿಂತ ಮೊದಲು ಕೈಲಾಸ ಸೇರಬೇಕು. ಬುದ್ಧಿ ಬೆಳೆಸಲು ದೇವರ ನೆಪವೇ ಬೇಕಿಲ್ಲ, ಪುಸ್ತಕ ಸಾಕು.

ನಾಲ್ಕನೆಯ ಉತ್ತರವೊಂದಿದೆ. ಅದು ಸಿಗುವುದು ಯಡೂರಿನ ದೇವರ ಕಥೆಯಲ್ಲೇ. ವೀರಭದ್ರ ಹುಟ್ಟಿದ್ದು ದಕ್ಷಯಜ್ಞದ ಸಿಟ್ಟಿನಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಪುರವಂತರು ಒಡಪು ಹೇಳುತ್ತ, ಶಸ್ತ್ರ ಚುಚ್ಚಿಕೊಳ್ಳುತ್ತ ಸಾರುವುದೂ ಆ ಕಥೆಯನ್ನೇ. ನಾವು ಅದನ್ನು ಸಾಮಾನ್ಯವಾಗಿ ರೌದ್ರದ ಕಥೆಯಾಗಿ ಕೇಳುತ್ತೇವೆ: ಜಟೆ ಕಿತ್ತು ನೆಲಕ್ಕೆ ಬಡಿದದ್ದು, ತಲೆ ಹಾರಿದ್ದು, ಕುರಿಯ ತಲೆ ಕೂಡಿದ್ದು. ಆದರೆ ಸಿಟ್ಟಿಗೆ ಕಾರಣವಾದ ತಪ್ಪು ಯಾವುದು? ದಕ್ಷ ಯಜ್ಞದ ವಿಧಿಯಲ್ಲಿ ಎಲ್ಲಿಯೂ ಎಡವಿರಲಿಲ್ಲ. ಮಂತ್ರ ಸರಿಯಿತ್ತು, ಋತ್ವಿಜರಿದ್ದರು, ದೇವತೆಗಳೆಲ್ಲ ಬಂದಿದ್ದರು. ಅವನು ಮಾಡಿದ ತಪ್ಪು ಎರಡೇ: ಅಳಿಯ ಶಿವನೊಬ್ಬನ ಪಾಲಿನ ಹವಿಸ್ಸನ್ನು ತೆಗೆದಿಡಲಿಲ್ಲ, ದೂರದಿಂದ ನಡೆದುಬಂದ ಮಗಳನ್ನು ಬಾ ಎನ್ನಲಿಲ್ಲ. ದಾಕ್ಷಾಯಣಿ ಕರೆಯದೆ ಬಂದವಳು, ನಿಜ. ಕರೆಯದೆ ಬಂದವರನ್ನು ಏನು ಮಾಡಬೇಕು ಎಂಬುದೇ ಆ ಕಥೆಯ ಪ್ರಶ್ನೆ. ಬಾಗಿಲಿಗೆ ಬಂದವರಿಗೆ ಎಲೆ ಹಾಕದ ಮನೆಯಲ್ಲಿ ಯಜ್ಞವೂ ಯಜ್ಞವಲ್ಲ ಎಂದು ಕಥೆ ತೀರ್ಪು ಕೊಡುತ್ತದೆ, ಅದೂ ಮೆಲ್ಲಗೆ ಅಲ್ಲ. ಹಾಗಿದ್ದರೆ ಯಡೂರಿಗೆ ಹೋಗುವವರು ಕೈಮುಗಿಯುವುದು ಪಾಲು ತಪ್ಪಿದ ಅತಿಥಿಯ ಪರವಾಗಿ ಎದ್ದು ನಿಂತ ದೇವರಿಗೆ. ಇದರಿಂದ ನನಗೆ ಹೊಳೆಯುವುದು ಇಷ್ಟು: ಯಾತ್ರೆಯ ಸಾರ ಕ್ಷೇತ್ರದಲ್ಲಿಲ್ಲ, ಕಾಲಿನ ನೋವಿನಲ್ಲಿಲ್ಲ. ಸ್ವಂತ ಮನೆಯಲ್ಲಿ ಉಣ್ಣಿಸುವವನಾಗಿದ್ದವನು ಬೇರೆಯವರ ಬಾಗಿಲಲ್ಲಿ ಉಣ್ಣುವವನಾಗುವುದರಲ್ಲಿದೆ. ಮನೆಯಲ್ಲಿ ಕುಳಿತು ಎಷ್ಟು ಧ್ಯಾನ ಮಾಡಿದರೂ ಕಲಿಯಲಾಗದ ಒಂದೇ ಸಂಗತಿ ಪರರ ಅನ್ನಕ್ಕೆ ಕೈಯೊಡ್ಡುವುದು.

ಇದು ಕಥೆಯೊಂದರಿಂದ ಹಿಂಡಿ ತೆಗೆದ ಮಾತಲ್ಲ. ಈ ಸೀಮೆಯ ಆಚರಣೆಗಳೂ ಅದನ್ನೇ ಹೇಳುತ್ತವೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನಗಳಲ್ಲಿ ಐದು ಮನೆ ಜೋಗ ಬೇಡುವ ರೂಢಿ ಇದೆ. ಮನೆಯಲ್ಲಿ ಕಣಜ ತುಂಬಿರಲಿ, ಬ್ಯಾಂಕಿನಲ್ಲಿ ಠೇವಣಿ ಇರಲಿ, ಹಿಟ್ಟು ನೀಡಿ ಎಂದು ಐದು ಮನೆಯ ಮುಂದೆ ನಿಲ್ಲಲೇಬೇಕು. ದಕ್ಷಿಣದ ಕಡೆ ತಿರುಪತಿ ಮನೆದೇವರಾದ ಕುಟುಂಬಗಳು ಶ್ರಾವಣದ ಶನಿವಾರ ನಾಮ ಹಾಕಿಸಿ ಮಕ್ಕಳ ಕೈಗೆ ಚೊಂಬು ಕೊಟ್ಟು ಬೀದಿಗೆ ಕಳಿಸುವುದೂ ಇದೇ ಬಗೆಯದು. ಬಂದ ಅಕ್ಕಿ ಆ ಮನೆಗೆ ಬೇಕಾಗಿರುವುದಿಲ್ಲ, ಬೇಡುವುದು ಬೇಕಾಗಿರುತ್ತದೆ. ಯುಗಾದಿಗೆ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆಯುವವರನ್ನು ನೋಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸಾವಿರಾರು ಜನ ದಾರಿಯ ಊರುಗಳವರು ಹಾಕಿದ ಪೆಂಡಾಲಿನ ನೆರಳಲ್ಲಿ ಉಂಡು ಮಲಗಿ ಮುಂದೆ ಹೋಗುತ್ತಾರೆ. ಭ್ರಮರಾಂಬೆಯನ್ನು ಕನ್ನಡಿಗರು ಮನೆಮಗಳೆಂದು, ಮಲ್ಲಿಕಾರ್ಜುನನನ್ನು ಅಳಿಯನೆಂದು ಭಾವಿಸಿ ಹಬ್ಬಕ್ಕೆ ಸೀರೆ ಒಯ್ಯುತ್ತಾರೆ. ಮಗಳನ್ನು ತವರಿನ ಬಾಗಿಲಲ್ಲಿ ಅವಮಾನಿಸಿದ ದಕ್ಷನ ಕಥೆಗೆ ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತ ಯಾರೂ ಬರೆದಿಲ್ಲ. 2022ರಲ್ಲಿ ಶ್ರೀಶೈಲ ಪೀಠದ ಜಗದ್ಗುರು ಡಾ. ಚನ್ನಸಿದ್ಧರಾಮ ಪಂಡಿತಾರಾಧ್ಯ ಶಿವಾಚಾರ್ಯರು ಯಡೂರಿನಿಂದಲೇ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಾಗಲೂ ದಾರಿಯುದ್ದಕ್ಕೂ ಊರೂರಿನ ದಾಸೋಹ ಬೇಕಾಯಿತು. ಪೀಠದ ಮೇಲೆ ಕುಳಿತು ಉಣಬಡಿಸುವವರೇ ಊರವರ ಪಂಕ್ತಿಗೆ ಬಂದು ಕೂರುವುದು ಯಾತ್ರೆಯಲ್ಲಿ ಮಾತ್ರ ಸಾಧ್ಯ. ಯಡೂರಿನ ನೆರೆಯ ಅಂಕಲಿಯಲ್ಲಿ ಇನ್ನೂ ಸೊಗಸಾದ ಉದಾಹರಣೆ ಇದೆ. ಆಷಾಢದ ಪಂಢರಪುರ ಯಾತ್ರೆಯಲ್ಲಿ ಜ್ಞಾನೇಶ್ವರರ ಪಾಲಕಿಯ ಮುಂದೆ ನಡೆಯುವ ಕುದುರೆಗಳು ಪ್ರತಿ ವರ್ಷ ಹೋಗುವುದು ಅಂಕಲಿಯ ಶಿತೋಳೆ ಸರದಾರ ಮನೆತನದಿಂದ. ಕೃಷ್ಣೆಯ ದಡದಿಂದ ಆಳಂದಿಯವರೆಗೆ ಅವು ನಡೆದೇ ಹೋಗುತ್ತವೆ. ಎರಡರಲ್ಲಿ ಒಂದರ ಬೆನ್ನಿನ ಮೇಲೆ ಯಾರೂ ಕೂರುವುದಿಲ್ಲ, ಅದು ಮಾವುಲಿಯ, ಎಂದರೆ ಜ್ಞಾನೇಶ್ವರರ ಕುದುರೆ. ಕುದುರೆ ಇದ್ದ ಸರದಾರನಿಗೂ ಆ ಜೀನು ಖಾಲಿ ಬಿಡುವುದು ಗೊತ್ತಿತ್ತು.

ಈ ತತ್ವವನ್ನು ಕೊನೆಯ ಅಂಚಿಗೆ ಒಯ್ದವರು ಇದೇ ನೆಲದ ದಿಗಂಬರ ಜೈನ ಮುನಿಗಳು. ನಿಪ್ಪಾಣಿ ಬಳಿಯ ಭೋಜ ಗ್ರಾಮದ ಶಾಂತಿಸಾಗರರು (1872–1955), ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ವಿದ್ಯಾನಂದರು, ಸದಲಗಾದಲ್ಲಿ 1946ರಲ್ಲಿ ಹುಟ್ಟಿ 2024ರಲ್ಲಿ ಛತ್ತೀಸಗಡದ ಡೊಂಗರಗಢದಲ್ಲಿ ದೇಹ ಬಿಟ್ಟ ವಿದ್ಯಾಸಾಗರರು: ಇಷ್ಟು ಚಿಕ್ಕ ಸೀಮೆಯಿಂದ ಇಷ್ಟು ದೂರ ಬರಿಗಾಲಲ್ಲಿ ನಡೆದವರು ಬೇರೆಲ್ಲಿಯೂ ಸಿಗುವುದು ಕಷ್ಟ. 1920ರ ದಶಕದ ಕೊನೆಯಲ್ಲಿ ಶಾಂತಿಸಾಗರರು ಸಂಘದೊಡನೆ ಸಮ್ಮೇದ ಶಿಖರ್ಜಿಯವರೆಗೆ ನಡೆದರು. ಆದರೆ ಮುನಿಯ ನಡಿಗೆಗೆ ಶಿಖರ್ಜಿಯೂ ಕೊನೆಯಲ್ಲ, ಅವನಿಗೆ ತಲುಪಬೇಕಾದ ಊರೇ ಇಲ್ಲ. ಒಂದೇ ಊರಲ್ಲಿ ಬೇರು ಬಿಡಬಾರದೆಂದೇ ಅವನು ನಡೆಯುತ್ತಾನೆ. ಮಳೆಗಾಲದಲ್ಲಿ ನೆಲದ ಮೇಲೆ ಹುಳುಹುಪ್ಪಟೆ ಹೆಚ್ಚಿ ಕಾಲಡಿಗೆ ಸಿಗುತ್ತವೆಂದು ಚಾತುರ್ಮಾಸದಲ್ಲಿ ಮಾತ್ರ ನಿಲ್ಲುತ್ತಾನೆ. ನಡೆಯಲಿ, ನಿಲ್ಲಲಿ, ಅವನ ಊಟ ಪೂರ್ತಿ ಪರಾಧೀನ: ದಿನಕ್ಕೆ ಒಂದೇ ಸಲ, ನಿಂತುಕೊಂಡು, ಪಾತ್ರೆಯಿಲ್ಲದೆ ಜೋಡಿಸಿದ ಅಂಗೈಗಳಲ್ಲಿ. ಇಂಥ ಗುರುತು ಕಂಡ ಮನೆಯಲ್ಲೇ ಆಹಾರ ಎಂದು ಮನಸ್ಸಿನಲ್ಲೇ ನಿಯಮ ಮಾಡಿಕೊಂಡು ಹೊರಟಿರುತ್ತಾನೆ. ಆ ಗುರುತು ಸಿಗದಿದ್ದರೆ ಅಂದು ಉಪವಾಸ. ಬಾಗಿಲಲ್ಲಿ ಕಲಶ ಹಿಡಿದು ನಿಂತ ಗೃಹಸ್ಥನಿಗೆ ಆ ನಿಯಮ ಗೊತ್ತಿರುವುದಿಲ್ಲ. ಇಲ್ಲಿ ಕೊಡುವವನೂ ಕಾಯುತ್ತಾನೆ, ತೆಗೆದುಕೊಳ್ಳುವವನೂ ಕಾಯುತ್ತಾನೆ. ಬೇಡುವ ಬಾಯಿಲ್ಲ, ಕೊಟ್ಟೆನೆಂಬ ಗರ್ವಕ್ಕೆ ಜಾಗವಿಲ್ಲ. ಕ್ಷೇತ್ರವನ್ನು ತೆಗೆದುಹಾಕಿದರೆ ಯಾತ್ರೆಯಲ್ಲಿ ಏನು ಉಳಿಯುತ್ತದೆ ಎಂದು ಕೇಳುವವರಿಗೆ ಈ ಅಂಗೈಗಳನ್ನು ತೋರಿಸಬಹುದು.

ಈಗ ಆಕ್ಷೇಪಗಳು. ಮೊದಲನೆಯದು ಶಾಸ್ತ್ರದ್ದೇ. ಮಹಾಭಾರತದ ವನಪರ್ವದಲ್ಲಿ ಪುಲಸ್ತ್ಯರು ತೀರ್ಥಯಾತ್ರೆಯ ಫಲ ಹೇಳುವಾಗ, ಆ ಫಲ ಸಿಗುವುದು ಪ್ರತಿಗ್ರಹದಿಂದ, ಎಂದರೆ ದಾನ ಹಿಡಿಯುವುದರಿಂದ ದೂರವಿದ್ದವನಿಗೆ ಎನ್ನುತ್ತಾರೆ. ಮಡಿವಂತರು ಪರಾನ್ನಕ್ಕೆ ಹೆದರಿ ಯಾತ್ರೆಗೆ ಹೋದಲ್ಲೆಲ್ಲ ತಮ್ಮ ಒಲೆ ತಾವೇ ಹೂಡಿದ್ದಕ್ಕೆ ಇಂಥ ಮಾತುಗಳ ಬಲವಿದೆ. ನನ್ನ ವಾದವನ್ನು ಇದು ನೇರವಾಗಿ ಹೊಡೆಯುತ್ತದೆ. ಆದರೆ ಅದೇ ಪ್ರಸಂಗದಲ್ಲಿ ಇನ್ನೊಂದು ಮಾತಿದೆ: ಯಜ್ಞ ಮಾಡಲು ಸಂಭಾರ ಬೇಕು, ಧನ ಬೇಕು, ಅದು ರಾಜರಿಂದ ಆಗುವ ಕೆಲಸ, ಬಡವನಿಗೂ ಆಗುವಂಥದ್ದು, ಯಜ್ಞಕ್ಕಿಂತ ಮಿಗಿಲಾದದ್ದು ತೀರ್ಥಯಾತ್ರೆ. ಬರಿಗೈಯ ಬಡವನಿಗೆ ಯಾತ್ರೆಯನ್ನು ವಿಧಿಸಿ, ದಾರಿಯಲ್ಲಿ ಯಾರ ತುತ್ತನ್ನೂ ಮುಟ್ಟಬೇಡ ಎಂದರೆ ಅವನು ಎರಡನೆಯ ದಿನವೇ ಬೀಳುತ್ತಾನೆ. ಹಾಗಾಗಿ ಅಲ್ಲಿ ಪ್ರತಿಗ್ರಹವೆಂದರೆ ಮನೆಗೆ ಒಯ್ದು ಕೂಡಿಡುವ ದಾನ, ಗೋವು, ಭೂಮಿ, ಚಿನ್ನ ಎಂದು ತಿಳಿಯುವುದೇ ಸರಿ. ತುತ್ತು ಒಯ್ಯಲು ಬರುವುದಿಲ್ಲ, ಅಲ್ಲೇ ಮುಗಿಯುತ್ತದೆ. ಐದು ಮನೆಯ ಜೋಗ ಆರನೆಯ ಮನೆಗೆ ಹೋಗದಿರುವುದರಲ್ಲೂ, ಮುನಿಯ ಅಂಗೈಯಲ್ಲಿ ನಾಳೆಯ ಊಟ ಹಿಡಿಯದಿರುವುದರಲ್ಲೂ ಇದೇ ವಿವೇಕವಿದೆ. ಯಜ್ಞವನ್ನು ಉಳ್ಳವರದ್ದೆಂದೂ ಯಾತ್ರೆಯನ್ನು ಇಲ್ಲದವರದ್ದೆಂದೂ ಮಹಾಭಾರತ ಬೇರೆ ಮಾಡಿದ್ದನ್ನು ನೋಡಿದರೆ, ದಕ್ಷನ ಯಜ್ಞಶಾಲೆಯ ಬಾಗಿಲಲ್ಲಿ ನಿಂತ ದಾಕ್ಷಾಯಣಿ ಯಾವ ಕಡೆಯವಳೆಂದು ಬೇರೆ ಹೇಳಬೇಕಿಲ್ಲ.

ಎರಡನೆಯ ಆಕ್ಷೇಪ ಶರಣರದ್ದು, ಇದು ಹೆಚ್ಚು ಬಲವಾದದ್ದು. ದುಡಿದು ಉಣ್ಣು ಎಂದ ಕಾಯಕದ ಧರ್ಮದಲ್ಲಿ ನಡೆದು ಉಣ್ಣುವವನಿಗೆ ಏನು ಜಾಗ? ಗಂಡ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಿರುಗಿಸಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಮುಂದೆ ಪೆಂಡಾಲಿನಲ್ಲಿ ಮೂರನೆಯ ಸಲ ಹುಗ್ಗಿ ಬಡಿಸಿಕೊಳ್ಳುವ ಯಾತ್ರಿಕ ಸಣ್ಣವನಾಗಿ ಕಾಣುತ್ತಾನೆ. ಪರಂಪರೆ ಕಾಶ್ಮೀರದ ಅರಸನೆಂದು ಹೇಳುವ ಮೋಳಿಗೆಯ ಮಾರಯ್ಯ ಕಲ್ಯಾಣಕ್ಕೆ ಯಾತ್ರಿಕನಾಗಿ ಬಂದು, ಉಂಡು ಹಿಂದಿರುಗದೆ ಕಟ್ಟಿಗೆ ಹೊರೆ ಹೊತ್ತು ಮಾರಿದ. ಅದೇ ಶರಣರ ಆದರ್ಶ ಯಾತ್ರೆ, ಒಪ್ಪಬೇಕು. ಆದರೂ ಕಾಯಕದ ಜೊತೆಗೆ ಶರಣರು ದಾಸೋಹವನ್ನೂ ಇಟ್ಟರು, ಅದೂ ದಾನವಾಗಿ ಅಲ್ಲ, ಸಲ್ಲಬೇಕಾದವರಿಗೆ ಸಲ್ಲಿಸುವ ಬಾಕಿಯಾಗಿ. ಎಲ್ಲರೂ ತಮ್ಮ ತಮ್ಮದನ್ನು ದುಡಿದು ತಮ್ಮ ತಮ್ಮ ಮನೆಯಲ್ಲೇ ಉಂಡರೆ ದಾಸೋಹ ಯಾರಿಗೆ? ಬಸವಣ್ಣನವರ ಮಹಾಮನೆಗೆ ದೂರದೂರದಿಂದ ನಡೆದುಬಂದವರು ಇಲ್ಲದಿದ್ದರೆ ಕಲ್ಯಾಣವೇ ಇಲ್ಲ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದದ್ದು ಅಲ್ಲಿ ಮಾತ್ರ ಶಿವನಿದ್ದಾನೆಂದು ನಂಬಿ ಅಲ್ಲ. ಆ ಮಾತನ್ನು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಕ್ಕಿಲ್ಲ. ಅರಮನೆ ಬಿಟ್ಟು ನಡೆದವಳು ತನ್ನದೆಂಬ ಒಲೆ ಇಲ್ಲದ ಬದುಕನ್ನೇ ಆರಿಸಿಕೊಂಡಳು. ಸ್ಥಾವರವನ್ನು ತಿರಸ್ಕರಿಸಿದವರು ದಾರಿಯನ್ನು ತಿರಸ್ಕರಿಸಲಿಲ್ಲ.

ಬುತ್ತಿಯ ಮಾತು ಎತ್ತುವವರೂ ಇದ್ದಾರೆ. ಈ ಕಡೆಯ ಜನ ಜಾತ್ರೆಗೆ ಹೊರಟರೆ ಬೇಡುತ್ತ ಹೋಗುವುದಿಲ್ಲ. ಚಕ್ಕಡಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಮೊಸರು ತುಂಬಿಕೊಂಡೇ ಹೋಗುತ್ತಾರೆ, ಹಾಗಾದರೆ ಪರಾನ್ನ ಎಲ್ಲಿ ಬಂತು ಎಂದು. ಆದರೆ ಬುತ್ತಿ ಬಿಚ್ಚಿದ ಮೇಲೆ ಏನಾಗುತ್ತದೆ? ಎಲ್ಲಮ್ಮನ ಗುಡ್ಡದಲ್ಲಿ ಪಡಲಗಿ ತುಂಬಿಸಿ ಹಂಚದೆ ಯಾರೂ ಕೈತೊಳೆಯುವುದಿಲ್ಲ. ಪಕ್ಕದ ಗಾಡಿಯವರ ಕಡುಬು ನಮ್ಮ ಎಲೆಗೆ, ನಮ್ಮ ರೊಟ್ಟಿ ಅವರ ಎಲೆಗೆ. ಮೀರಜ ಕಡೆಯವರ ಮಸಾಲೆ ನಮ್ಮ ನಾಲಿಗೆಗೆ ಖಾರ ಎನಿಸಿದರೂ ಬೇಡ ಎನ್ನುವ ಹಾಗಿಲ್ಲ. ಮನೆಯಿಂದ ತಂದದ್ದೂ ಪರಾನ್ನವಾಗುವ ತನಕ ಊಟ ಪೂರ್ತಿಯಾಗುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಗಡಿಯ ಭಾಷಾಜಗಳ ಪತ್ರಿಕೆಗಳಲ್ಲಿ ಎಷ್ಟೇ ಕಾವೇರಿದರೂ ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ ಅದು ಎಲೆಯವರೆಗೆ ಬರುವುದಿಲ್ಲ.

ಕಾರು, ಬಸ್ಸಿನ ಯಾತ್ರೆಯ ಬಗ್ಗೆ ಏನು ಹೇಳಬೇಕು? ನನ್ನ ವಾದವನ್ನು ಅಕ್ಷರಶಃ ಹಿಡಿದರೆ ಮುಂಗಡ ಕಾಯ್ದಿರಿಸಿದ ಕೋಣೆ, ವಿಶೇಷ ದರ್ಶನದ ಚೀಟಿ, ಹೋಟೆಲಿನ ಬಿಲ್ಲು ಸೇರಿ ಯಾತ್ರೆಯನ್ನು ಕೊಂದಿವೆ ಎನ್ನಬೇಕಾಗುತ್ತದೆ. ಅರ್ಧ ನಿಜ. ದುಡ್ಡು ಕೊಟ್ಟು ಉಂಡವನಿಗೆ ಯಾರ ಋಣವೂ ಇಲ್ಲ; ಬೆಳಿಗ್ಗೆ ಹೊರಟು ಮೂರು ಕ್ಷೇತ್ರ ಮುಗಿಸಿ ರಾತ್ರಿಗೆ ಮನೆ ಸೇರಿದವನು ಎಲ್ಲಿಯೂ ಅತಿಥಿಯಾಗಲೇ ಇಲ್ಲ, ಎಲ್ಲ ಕಡೆ ಗಿರಾಕಿಯಾಗಿದ್ದ. ಆದರೆ ನಡೆದವನಷ್ಟೇ ಯಾತ್ರಿಕ ಎಂದು ಹಟ ಹಿಡಿದರೆ ಮುದುಕರು, ಕಾಲಿಲ್ಲದವರು, ರಜೆ ಸಿಗದವರು ಹೊರಗುಳಿಯುತ್ತಾರೆ. ಇನ್ನೂ ಮುಖ್ಯವಾಗಿ ಹೆಂಗಸರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದಾಗ ಕ್ಷೇತ್ರಗಳು ತುಂಬಿ ತುಳುಕಿದವು. ನಗೆಚಾಟಿಕೆ ಮಾಡಿದವರು ಬಹಳ. ಬಿಟ್ಟಿ ಸಿಕ್ಕರೆ ಭಕ್ತಿ ಉಕ್ಕುತ್ತದೆ ಎಂದರು. ಅವರು ಒಂದನ್ನು ಗಮನಿಸಲಿಲ್ಲ. ಮದುವೆಯಾದ ದಿನದಿಂದ ಮೂರು ಹೊತ್ತು ಬೇರೆಯವರಿಗೆ ಬಡಿಸಿ, ಉಳಿದದ್ದನ್ನು ಉಂಡವಳಿಗೆ ದಾಸೋಹದ ಪಂಕ್ತಿಯಲ್ಲಿ ಕೂರುವುದೆಂದರೆ ಬೇರೊಬ್ಬರು ಬೇಯಿಸಿ, ಬೇರೊಬ್ಬರು ಬಡಿಸಿ, ಬಿಸಿಯಾಗಿರುವಾಗಲೇ ಉಣ್ಣುವುದು. ಗಂಡಸಿಗೆ ಪರಾನ್ನ ಅಹಂಕಾರ ಇಳಿಸುವ ಪಾಠವಾದರೆ ಅವಳಿಗೆ ಅದು ತಾನೂ ಒಬ್ಬ ಅತಿಥಿ ಎಂಬ ತಿಳಿವು. ಅದಕ್ಕೆ ಬಸ್ಸಿನಲ್ಲಿ ಹೋದರೂ ಸಾಕು. ಗಳಿಸಿದ್ದು ಏನೆಂಬುದನ್ನು ನಿರ್ಧರಿಸುವುದು ಯಾರ ಕೈ ಯಾರ ಮುಂದೆ ಚಾಚಿತು ಎಂಬುದೇ ಹೊರತು ಕಾಲೋ ಚಕ್ರವೋ ಎಂಬುದಲ್ಲ.

ಈ ವಾದಕ್ಕೆ ನಿಜವಾಗಿ ನೋವು ಕೊಡುವ ಆಕ್ಷೇಪ ಇನ್ನೊಂದು. ಬೇಡುವುದನ್ನು ಹೀಗೆ ಹೊಗಳುವುದು ಹೊಟ್ಟೆ ತುಂಬಿದವರ ಆಟವಲ್ಲವೇ? ಎಲ್ಲಮ್ಮನ ಹೆಸರಿನಲ್ಲೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೆ ಜೋಗ ಐದು ಮನೆಗೆ ಮುಗಿಯಲಿಲ್ಲ, ಜನ್ಮವಿಡೀ ನಡೆಯಿತು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತರಬೇಕಾಯಿತು. ಒಂದೇ ದೇವಿ, ಒಂದೇ ಜೋಗದ ಬುಟ್ಟಿ, ಒಬ್ಬರಿಗೆ ವ್ರತ, ಇನ್ನೊಬ್ಬರಿಗೆ ಬಂಧನ. ಇಲ್ಲಿ ಒಂದು ಗೆರೆ ಎಳೆಯದಿದ್ದರೆ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ಅನ್ಯಾಯಕ್ಕೆ ಹೊದಿಸಿದ ಶಾಲು. ಕೆಳಗಿಡಲು ಬರುವ ಬುಟ್ಟಿ ಮಾತ್ರ ವ್ರತ. ತಾನೇ ಆರಿಸಿಕೊಂಡು ಎತ್ತಿದ್ದೂ, ಬೇಡವೆನಿಸಿದಾಗ ಇಳಿಸಬಹುದಾದದ್ದೂ ಆಗಿದ್ದರೆ ಪರಾಧೀನತೆ ಮನುಷ್ಯನನ್ನು ಬೆಳೆಸುತ್ತದೆ. ಹೇರಿದ ಪರಾಧೀನತೆ ತುಳಿಯುತ್ತದೆ. ಮುನಿ ಜೀವನವಿಡೀ ಅಂಗೈ ಚಾಚಿದರೂ ದೀಕ್ಷೆ ಬೇಡಿ ಪಡೆದವನು. ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಹೇರಿದ ಪರಾಧೀನತೆ ನದಿಯಿಂದಲೂ ಬರುತ್ತದೆ: 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ನದಿತೀರದ ಊರುಗಳವರು ದನಕರು ಹೊಡೆದುಕೊಂಡು ಗಂಜಿಕೇಂದ್ರ ಸೇರಿದರು. ಮಳೆಗಾಲ ಬಂತೆಂದರೆ ಕಲ್ಲೋಳ–ಯಡೂರು ಸೇತುವೆ ಮುಳುಗುವುದು ಅಲ್ಲಿಯವರಿಗೆ ಹೊಸದಲ್ಲ, ಆದರೆ ಆ ವರ್ಷ ಮನೆಗಳೇ ಮುಳುಗಿದವು. ಯಾತ್ರಿಕರಿಗೆ ಉಣಬಡಿಸುತ್ತಿದ್ದವರೇ ತಾಟು ಹಿಡಿದು ಸಾಲಿನಲ್ಲಿ ನಿಂತರು. ಅದನ್ನು ಯಾತ್ರೆ ಎಂದು ಕರೆಯುವಷ್ಟು ಕಲ್ಲೆದೆ ನನ್ನದಲ್ಲ. ಆದರೂ ಹಾದಿಯ ದಾಸೋಹದಲ್ಲಿ ಒಮ್ಮೆ ಉಂಡವನು ಆ ಸಾಲಿನಲ್ಲಿ ನಿಂತವನನ್ನು ನೋಡುವ ಬಗೆಯೇ ಬೇರೆಯಾಗಬೇಕು. ಆಗದಿದ್ದರೆ ಅವನು ಉಂಡದ್ದು ಊಟವಷ್ಟೇ.

ಇದೇ ಅಳತೆಗೋಲನ್ನು ನಮ್ಮ ದಾಸೋಹಗಳಿಗೂ ಹಿಡಿಯಬೇಕಾಗುತ್ತದೆ, ಮತ್ತು ಅಲ್ಲಿ ಲೆಕ್ಕ ಸರಿಹೋಗುವುದಿಲ್ಲ. ದೀಪಾವಳಿ ಹತ್ತಿರ ಬಂದು ಕಾರ್ಖಾನೆಗಳು ಹೊಗೆ ಬಿಡಲು ಶುರುವಾದರೆ ಚಿಕ್ಕೋಡಿ, ಅಥಣಿ, ರಾಯಬಾಗದ ರಸ್ತೆಗಳಿಗೆ ಇನ್ನೊಂದು ಬಗೆಯ ಪಯಣಿಗರು ಬರುತ್ತಾರೆ. ಬೀಡ ಜಿಲ್ಲೆಯ ಕಡೆಯಿಂದ, ವಿಜಯಪುರದ ಒಣಭೂಮಿಯಿಂದ ಕಬ್ಬಿನ ಗ್ಯಾಂಗುಗಳು. ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು, ಕೂಸು ಜೋಳಿಗೆಯಲ್ಲಿ, ಒಲೆ ಮೂರು ಕಲ್ಲಿನ ಮೇಲೆ. ಅವರೂ ಮನೆ ಬಿಟ್ಟು ನಡೆದುಬಂದವರು, ಅವರಿಗೂ ಈ ಊರು ಪರಊರು. ಪಾದಯಾತ್ರೆಗೆ ಪೆಂಡಾಲು ಹಾಕುವ ಅದೇ ರಸ್ತೆಯ ಬದಿಯಲ್ಲಿ ಅವರಿಗೆ ಒಂದು ಚಹಾ ಕೊಡುವವರೂ ಇಲ್ಲ. ಅವರು ದೇವರಿಗೆ ಹೊರಟವರಲ್ಲ, ಕೂಲಿಗೆ ಬಂದವರು, ಅವರಿಗೆ ಪಗಾರ ಇದೆ ಎಂದು ಯಾರಾದರೂ ಹೇಳಬಹುದು. ಶಿವನಿಗೂ ಯಜ್ಞದಲ್ಲಿ ಕೆಲಸವಿಲ್ಲ, ಅವನು ಸ್ಮಶಾನದವನು, ಪಂಕ್ತಿಗೆ ಸಲ್ಲದವನು ಎಂದು ದಕ್ಷನೂ ಲೆಕ್ಕ ಕೊಟ್ಟಿದ್ದ. ಯಾರು ಯಾತ್ರಿಕ ಎಂದು ತೀರ್ಮಾನಿಸುವ ಹಕ್ಕು ಉಣಬಡಿಸುವವನ ಕೈಯಲ್ಲಿ ಉಳಿದಿರುವ ತನಕ ದಾಸೋಹಕ್ಕೂ ದಕ್ಷನ ಪಂಕ್ತಿಗೂ ನಡುವಿನ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ.